ಮೂರು ಹಲ್ಲಿನ ಫೈಲು

ಡೌನ್‌ಲೋಡು ಹನ್ನೊಂದು ಪರ್ಸೆಂಟಿಗೆ ಬಂದು ಕಾಲು ಚಾಚಿ ಕೂತುಬಿಟ್ಟಿತ್ತು. ಇದು ನಾಲ್ಕನೇ ಸಲ. ಹೋದ ಸಲ ಒಂಬತ್ತು ಪರ್ಸೆಂಟಿಗೇ ಕೈಕೊಟ್ಟಿತ್ತು.

ಆ ಫೈಲಿನಲ್ಲಿ ಯಾರೋ ಟೀಚರಮ್ಮನ ದವಡೆಯ ಸ್ಕ್ಯಾನ್ ಇತ್ತು. ಅದನ್ನು ನೋಡಿ ಮುಂದಿನ ಮೂರು ಹಲ್ಲು ಮಾಡಿಕೊಡಬೇಕು. ಎಂಟು ವರ್ಷ ಮಹಡಿ ಮೇಲೆ ಅಣ್ಣನ ಲ್ಯಾಬಿನಲ್ಲಿ ಹಲ್ಲು ಕಟ್ಟಿ, ಹೋದ ತಿಂಗಳಷ್ಟೇ ಕೆಳಗಿನ ಕೋಣೆಗೆ ಸ್ವಂತ ಬೋರ್ಡು ಹಾಕಿದ ತಂಗಿಗೆ ಇದು ಮೊದಲ ಕೇಸು. ಕೇಸು ಕೊಟ್ಟ ಹಲ್ಲಿನ ಡಾಕ್ಟರಮ್ಮ ಬೆಳಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದರು: "ಲಿಂಕ್ ನಾಲ್ಕು ಗಂಟೆಗೆ ಮುಚ್ಚತ್ತೆ. ಅಷ್ಟರಲ್ಲಿ ಇಳಿಸ್ಕೊಳ್ಲಿಲ್ಲ ಅಂದ್ರೆ ಬೇರೆ ಲ್ಯಾಬಿಗೆ ಕೊಡ್ತೀನಿ."

ಈಗ ಎರಡೂವರೆ.

"ಅಣ್ಣಾ, ಮತ್ತೆ ನಿಂತ್ಹೋಯ್ತು!"

ಅಣ್ಣ ಮೆಟ್ಟಿಲಿಳಿದು ಬಂದ. ಪ್ಲಾಸ್ಟರ್ ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿ, ಸ್ಟೂಲು ಎಳೆದುಕೊಂಡು ಕೂತ. ಡೌನ್‌ಲೋಡು ನಿಲ್ಲಿಸಿ ಮತ್ತೆ ಶುರು ಮಾಡಿದ. ಬ್ರೌಸರಿನ ಹಳೇ ಕಸವನ್ನೆಲ್ಲ ಅಳಿಸಿದ. ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದ, ಬೇಕಾದಷ್ಟಿತ್ತು. ಆಂಟಿವೈರಸ್ ಆರಿಸಿದ. ಬೇರೆ ಬ್ರೌಸರ್ ಹಾಕಿದ. ಒಂದೊಂದಕ್ಕೂ ಮುಕ್ಕಾಲು ಪಾಲು ಪ್ರೀತಿ, ಕಾಲು ಪಾಲು ಗೇಲಿ.

"ಥೇಟ್ ನಿನ್ನ ಹಾಗೇ ಇದು, ಪುಟ್ಟಿ. ಶುರುವಿನಲ್ಲಿ ಭಾರೀ ಹುರುಪು, ಆಮೇಲೆ ಮುನಿಸು."

"ತಮಾಷೆ ಆಮೇಲೆ ಮಾಡು. ಫೋನಿನ ನೆಟ್‌ನಲ್ಲಿ ನೋಡ್ಲಾ?"

"ಹುಚ್ಚಿ! ಕನೆಕ್ಷನ್ ಬದಲಾದ್ರೆ ಇಂಥ ಲಿಂಕು ಲಾಕ್ ಆಗತ್ತೆ. ಆಮೇಲೆ ಡಾಕ್ಟರ್ ಕಾಲು ಹಿಡಿದ್ರೂ ಬರಲ್ಲ."

ಅವಳು ನಂಬಿದಳು. ಮೇಣ ಕಾಯಿಸುವುದರಿಂದ ಹಿಡಿದು ಹಲ್ಲಿನ ಬಣ್ಣ ಹೊಂದಿಸುವವರೆಗೆ ಎಲ್ಲ ಕಲಿಸಿದ ಕೈ ಅದು. ಇನ್ನೊಂದು ಸಲ ಒತ್ತಿ ನೋಡು ಅಂತ ಹೇಳಿ ಅಣ್ಣ ಮೇಲೆ ಹೋದ.

ಮೂರೂವರೆಗೆ ಅತ್ತಿಗೆ ಕತ್ತರಿ ಕೇಳಲು ಬಂದಳು. ಒಂದು ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಓಡುತ್ತಿರುವ ಸಿನಿಮಾ.

"ನೆಟ್ಟೇ ಸತ್ತಿದೆಯಲ್ಲ ಅತ್ತಿಗೆ, ನಿಮ್ಗೆ ಹೇಗೆ ಬರ್ತಿದೆ?"

"ಯಾರು ಹೇಳಿದ್ದು? ನಾಯಕಿ ಎರಡು ಸಲ ಸತ್ತು ಎದ್ದಳು, ನೆಟ್ ಒಂದ್ಸಲಾನೂ ಸತ್ತಿಲ್ಲ."

ತಂಗಿ ಕಂಪ್ಯೂಟರಿನತ್ತ ತಿರುಗಿದಳು. ಇಡೀ ಮನೆಗೆ ಇರುವುದು ಒಂದೇ ಕನೆಕ್ಷನ್. ಲಾಕ್ ಆದರೆ ಆಗಲಿ ಎಂದು ಫೋನಿನ ನೆಟ್ಟಿಗೆ ಕಂಪ್ಯೂಟರು ಜೋಡಿಸಿ ಲಿಂಕು ಒತ್ತಿದಳು. ಯಾವ ಲಾಕೂ ಬೀಳಲಿಲ್ಲ. ಆರು ನಿಮಿಷದಲ್ಲಿ ಪೂರ್ತಿ ಫೈಲು ಬಂದು ಬಿತ್ತು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಮನೆಯ ನೆಟ್ಟಿಗೆ ವಾಪಸು ಬಂದು, ಮೆಟ್ಟಿಲ ತಿರುವಿನಲ್ಲಿದ್ದ ರೂಟರಿನ ಬೆನ್ನಿಗೆ ಅಂಟಿಸಿದ ಪಾಸ್‌ವರ್ಡು ನೋಡಿ ಅದರ ಸೆಟ್ಟಿಂಗ್ಸ್ ಪುಟ ತೆರೆದಳು. ಅಣ್ಣನ ಕಂಪ್ಯೂಟರು, ಅತ್ತಿಗೆಯ ಫೋನು, ಪ್ರಿಂಟರು, ಎಲ್ಲಕ್ಕೂ ಬಾಗಿಲು ತೆರೆದಿತ್ತು. 'ಪುಟ್ಟಿ' ಎಂಬ ಹೆಸರಿನ ಮುಂದೆ ಮಾತ್ರ ವೇಗಕ್ಕೊಂದು ಮಿತಿ. ಹಾಕಿದ್ದು ಇವತ್ತು, ಒಂಬತ್ತೂ ನಲವತ್ತಕ್ಕೆ.

ಒಂಬತ್ತೂವರೆಗೆ ಅವಳು ಮೇಲೆ ಓಡಿಹೋಗಿ, ಕೇಸು ಸಿಕ್ಕಿದ್ದನ್ನು ಎಲ್ಲರಿಗಿಂತ ಮೊದಲು ಅಣ್ಣನಿಗೇ ಹೇಳಿದ್ದಳು. "ಭೇಷ್" ಅಂದಿದ್ದ. ಬೆನ್ನಲ್ಲೇ, "ನಿನ್ನ ಕಂಪ್ಯೂಟರಿಗೆ ಏನಂತ ಹೆಸರಿಟ್ಟಿದ್ದೀಯ? ಪ್ರಿಂಟರಿಗೆ ಸೇರಿಸ್ತೀನಿ" ಎಂದು ಕೇಳಿದ್ದ. "ನೀನು ಇಟ್ಟಿದ್ದೇ" ಎಂದು ಅವಳು ನಕ್ಕಿದ್ದಳು.

ಫೋನು ಹೊಡೆದುಕೊಂಡಿತು. ಡಾಕ್ಟರಮ್ಮ.

"ನಿಮ್ಮ ಕೈಲಿ ಆಗ್ತಿಲ್ಲ ಅಂತ ನಿಮ್ಮಣ್ಣ ಫೋನ್ ಮಾಡಿದ್ರು. ಕೇಸು ಅವ್ರಿಗೇ ಕಳಿಸ್ಲಾ?"

"ಬಂದಿದೆ ಮೇಡಂ," ಎಂದಳು. "ಗುರುವಾರ ಕೊಡ್ತೀನಿ."

ನಾಲ್ಕು ಹೊಡೆದ ಮೇಲೆ ಅಣ್ಣ ಇಳಿದುಬಂದ. ಮುಖದಲ್ಲಿ ಮರುಕ ಸಿದ್ಧವಾಗಿತ್ತು.

"ಹೋಗ್ಲಿ ಬಿಡು ಪುಟ್ಟಿ. ಮೊದಲ ಕೇಸು ಹೀಗೇ ಆಗೋದು. ನಾನು ಮಾಡ್ತೀನಿ, ನೀನು ಜೊತೆಗಿರು."

ಅವಳು ಸ್ಕ್ರೀನನ್ನು ಅವನತ್ತ ತಿರುಗಿಸಿದಳು. ಒಂದು ಕಡೆ ಟೀಚರಮ್ಮನ ದವಡೆ, ಇನ್ನೊಂದು ಕಡೆ ರೂಟರಿನ ಮೊದಲ ಪುಟ. ಮಿತಿಯ ಪಟ್ಟಿ ಅದರಲ್ಲಿರಲಿಲ್ಲ. ಅದನ್ನು ಹುಡುಕಲು ಅವಳಿಗೆ ಹತ್ತು ನಿಮಿಷ ಹಿಡಿದಿತ್ತು.

"ನೀನೇ ತೆಗಿ," ಎಂದಳು.

"ಏನನ್ನ?"

"ಸುಮ್ನೆ ತೆಗಿ."

ಅಣ್ಣ ಅವಳ ಮುಖ ನೋಡಲಿಲ್ಲ. ಮೌಸು ಹಿಡಿದ. ಎಲ್ಲೂ ಹುಡುಕಲಿಲ್ಲ, ಎಲ್ಲೂ ತಡವರಿಸಲಿಲ್ಲ. ಮೂರೇ ಕ್ಲಿಕ್ಕಿನಲ್ಲಿ 'ಪುಟ್ಟಿ'ಯ ಮುಂದೆ ನಿಂತು ಮಿತಿ ಅಳಿಸಿದ.

"ಆ ಡಾಕ್ಟರ್ ಹೋದ ವರ್ಷ ನಾನು ಮಾಡಿದ ಎರಡು ಹಲ್ಲು ವಾಪಸ್ ಕಳಿಸಿದ್ರು," ಎಂದ ಮೆಲ್ಲಗೆ. "ಈಗ ನಿನ್ನ ಕರೀತಾರೆ. ನಂಗೂ ಹೊಟ್ಟೆ ಅನ್ನೋದಿದೆ ಕಣೇ, ಉರಿಯತ್ತೆ."

"ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತು ರಿಪೇರಿ ಮಾಡಿದ್ಯಲ್ಲ ಅಣ್ಣ. ಅದು ಯಾಕೆ?"

ಅವನು ಮೌಸು ಬಿಟ್ಟು ಬಾಗಿಲತ್ತ ನಡೆದ.

ಅವನು ಮೆಟ್ಟಿಲು ಹತ್ತುವ ಸದ್ದು ನಿಂತ ಮೇಲೆ ಅವಳು ಕಂಪ್ಯೂಟರನ್ನು ಮತ್ತೆ ಫೋನಿನ ನೆಟ್ಟಿಗೆ ಜೋಡಿಸಿದಳು. ಹೆಸರು ಬದಲಿಸುವ ಪುಟ ತೆರೆದು 'ಪುಟ್ಟಿ' ಅಳಿಸಿದಳು. ಹೊಸ ಹೆಸರು ತಕ್ಷಣ ಹೊಳೆಯಲಿಲ್ಲ. ದವಡೆಯನ್ನು ದೊಡ್ಡದು ಮಾಡಿ ಮೊದಲ ಹಲ್ಲಿನ ಅಳತೆ ತೆಗೆದುಕೊಂಡಳು.