ಮುನಿಯಕ್ಕನ ಹೊರೆಗಲ್ಲು

ಅರಿಶಿನ ಒಣಗಿ ಬಿರುಕು ಬಿಟ್ಟಿದೆ, ಬಿರುಕಲ್ಲೊಂದು ಇರುವೆ ಹೊರಟಿದೆ, ಎಲ್ಲಿಗಪ್ಪಾ ಇಷ್ಟು ಅವಸರ — ದೇವರಾ ಬರೀ ಕಲ್ಲಾ ಮೇಡಂ, ರಸ್ತೆ ಅಗಲ ಮಾಡೋಕೆ ಬಂದ ಇಂಜಿನಿಯರು ಕೇಳ್ತಾನೇ ಇದಾನೆ, ದೇವರಾದ್ರೆ ಪಕ್ಕಕ್ಕಿಟ್ಟು ಗುಡಿ ಕಟ್ಕೊಡ್ತೀವಿ, ಬರೀ ಕಲ್ಲಾದ್ರೆ ಲಾರಿಗೆ, ಸುಧಾಮಣಿ ಮೇಡಂಗೇ ಗೊತ್ತು ಅಂದ್ರಲ್ಲ ಎಲ್ರೂ — ನಂಗೇನು ಗೊತ್ತು, ಅಜ್ಜಿ ಹೇಳಿದ್ದಷ್ಟೇ ಗೊತ್ತು, ಎರಡು ಕಂಬ, ಮೇಲೊಂದು ಚಪ್ಪಡಿ, ಎದೆಮಟ್ಟ, ಚಿಕ್ಕಲಸಂದ್ರದ ದಾರಿಗೆ ಸುಬ್ರಹ್ಮಣ್ಯಪುರದ ದಾರಿ ಅಡ್ಡ ಹಾಯೋ ಕಡೆ, ಆಗ ಇಲ್ಲಿದ್ದದ್ದು ಏಳೇ ಮನೆ, ಒಂದು ಕುಲುಮೆ, ಒಂದು ಹುಣಸೇಮರ, ತಲೆಹೊರೆಯವರು ಯಾರ ಕೈಯೂ ಬೇಡದೆ ಇಳಿಸ್ಕೊಂಡು ಯಾರ ಕೈಯೂ ಬೇಡದೆ ಮತ್ತೆ ಎತ್ಕೊಳ್ಳೋ ಕಲ್ಲು, ನಮ್ಮಜ್ಜಿ, ಮಾರಮ್ಮ, ಮಾರ್ಕೆಟ್ಟಿಗೆ ಹೂವು ಹೊತ್ತು ಹೋಗೋಳು, ಇಲ್ಲಿಗೆ ಬಂದ್ರೆ ಮಂಡಿ ಒಂಚೂರು ಬಗ್ಗಿಸಿ ಬುಟ್ಟಿ ಜಾರಿಸೋಳು, ಆಮೇಲೆ ಕತ್ತು — ಭಾರ ಇಳಿದ ಆ ಕತ್ತು ಮೆಲ್ಲಗೆ ಉದ್ದ ಆಗೋದು, ನಾನು ಸೆರಗು ಹಿಡ್ಕೊಂಡು ಅದನ್ನೇ ನೋಡ್ತಿದ್ದೆ.

ಯಾರಿಟ್ಟಿದ್ದಜ್ಜಿ ಇದನ್ನ? ನಮ್ಮಕ್ಕಂಗೆ ಇಟ್ಟಿದ್ದು ಕಣೇ, ಮುನಿಯಕ್ಕಂಗೆ, ತುಂಬಿದ ಬಸುರಿ, ಹೊಟ್ಟೇಲಿದ್ದದ್ದು ಇಳೀಲೇ ಇಲ್ಲ, ಹಂಗೇ ಹೋದ್ಲು, ಅವಳು ಇಳಿಸಲಾರದ್ದನ್ನ ದಾರಿಹೋಕರಾದ್ರೂ ಇಳಿಸ್ಲಿ ಅಂತ ನಮ್ಮಪ್ಪ ನಿಲ್ಲಿಸ್ದ, ಕುಂಕುಮ ಗಿಂಕುಮ ಇಡಬೇಡ, ಹೊರೆ ಇಳಿಸು, ಅದೇ ಅವಳಿಗೆ ಪೂಜೆ. ಮತ್ತೆ ಮೊದಲು ಅರಿಶಿನ ಬಳಿದವರು ಯಾರು, ನನಗೆ ನಾನೇ ಕೇಳ್ಕೋತೀನಿ, ಲೇಔಟ್ ಆದ್ಮೇಲೆ ಬಂದವರು, ಪಾಪ, ಹಳೇ ಕಲ್ಲು ಕಂಡ್ರೆ ಕೈ ಸುಮ್ನಿರುತ್ತಾ, ಆಮೇಲೆ ಬೆಳ್ಳಿ ಕಣ್ಣು, ಆಮೇಲೆ ಬೋರ್ಡು, ಶಿಲಾದೇವಿ ಸರ್ಕಲ್ — ನಾನೂ ಎರಡು ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚಿದೀನಿ, ನಾಚಿಕೆ ಆಗುತ್ತೆ. ಮುನಿಯಕ್ಕಂಗೆ ನಗು ಬರ್ತಿತ್ತೋ ಸಿಟ್ಟು ಬರ್ತಿತ್ತೋ, ಹೇಗಿದ್ಲೋ ಅವಳು, ಅಜ್ಜಿ ಥರಾನೇ ಕತ್ತು ಇತ್ತಾ — ದೇವರು ಅಂದ್ಬಿಟ್ರೆ ಕಲ್ಲು ಉಳಿಯುತ್ತೆ, ಗ್ರಿಲ್ ಒಳಗೆ, ಆದ್ರೆ ಮುನಿಯಕ್ಕ ಹೋಗ್ತಾಳೆ, ಬರೀ ಕಲ್ಲು ಅಂದ್ರೆ ಎರಡೂ ಹೋಯ್ತು, ಬೇಗ ಹೇಳಿ ಮೇಡಂ, ಇರಪ್ಪಾ — ಅಗೋ ಹುಲಿಗೆವ್ವ ಬರ್ತಿದಾಳೆ, ಸೊಪ್ಪು ಮಾರೋಳು, ತಲೆ ಮೇಲೆ ಬುಟ್ಟಿ, ಬೆವರು ಕಣ್ಣಿಗಿಳೀತಿದೆ, ಇಳಿಸಮ್ಮ ಇಲ್ಲಿ, ಬ್ಯಾಡ್ರಿ ಅಕ್ಕಾರ, ದೇವ್ರ ಐತಿ, ಬೈತಾರ — ದೇವರಲ್ಲ ಕಣೇ, ನಮ್ಮ ದೊಡ್ಡಜ್ಜಿ, ಜೋರಾಗೇ ಅಂದ್ಬಿಟ್ಟೆ, ಇಂಜಿನಿಯರಿಗೂ ಕೇಳಿಸ್ತು, ಕೇಳಿಸ್ಲಿ, ಇಳಿಸು, ಹುಲಿಗೆವ್ವ ಮಂಡಿ ಬಗ್ಗಿಸ್ತಾಳೆ, ಬುಟ್ಟಿ ಜಾರುತ್ತೆ, ಅರಿಶಿನ ಉದುರುತ್ತೆ, ಜೆಸಿಬಿ ನಿಂತೇ ಇದೆ, ಕತ್ತು — ಆ ಕತ್ತು ಮೆಲ್ಲಗೆ, ಮೆಲ್ಲಗೆ ಉದ್ದ ಆಗ್ತಿದೆ, ಆ ಕತ್ತು