ಬಲತುದಿಯ ಡೊಳ್ಳು

ಹನ್ನೆರಡು ಹೆಂಗಸರು ಡೊಳ್ಳುಗಳಿಗೆ ಒರಗಿ ಕುಳಿತು ಚಹಾ ಕುಡಿಯುತ್ತಿದ್ದಾಗ ಅರ್ಚಿತಾ ತನ್ನ ಟಿಪ್ಪಣಿ ಪುಸ್ತಕ ಬಿಡಿಸಿ ಓದತೊಡಗಿದಳು. ಕಲಾವಿದರು ಯಾಕೆ ಕುಣಿಯುತ್ತಾರೆ ಎಂಬುದೇ ಅವಳ ಸಂಶೋಧನೆಯ ವಿಷಯ. ಅದಕ್ಕೆಂದೇ ಎರಡು ತಿಂಗಳಿಂದ ಆನವಟ್ಟಿಯ ಈ ಮಹಿಳಾ ಡೊಳ್ಳಿನ ತಂಡದ ಬೆನ್ನು ಹತ್ತಿದ್ದಳು. ಬರೆದದ್ದನ್ನು ಹೇಳಿದವರಿಗೇ ಓದಿ ಒಪ್ಪಿಗೆ ಪಡೆಯಬೇಕೆಂಬುದು ಮಾನವಶಾಸ್ತ್ರದವರ ಪದ್ಧತಿ. ಒಳ್ಳೆಯ ಪದ್ಧತಿಯೇ. ಯಾರ ಹೆಸರನ್ನೂ ಬರೆಯದಷ್ಟು ಜಾಣತನವೂ ಹುಡುಗಿಗಿತ್ತು.

"ಬಲತುದಿಯಲ್ಲಿ ನಿಲ್ಲುವ ಕಲಾವಿದೆಗೆ ಆರು ತಿಂಗಳಿಂದ ಎಡಗಾಲು ಜೋಮು ಹಿಡಿಯುತ್ತದೆ. ಡೊಳ್ಳು ಬಿಡಲು ಡಾಕ್ಟರು ಹೇಳಿದ್ದನ್ನು ಅವರು ತಂಡಕ್ಕೆ ತಿಳಿಸಿಲ್ಲ."

ಚಹಾ ಹೀರುವ ಸದ್ದು ನಿಂತಿತು. ಹತ್ತೊಂಬತ್ತು ವರ್ಷಗಳಿಂದ ಬಲತುದಿಯಲ್ಲಿ ನಿಲ್ಲುತ್ತಿದ್ದವಳು ಲೋಕಮ್ಮ. ಹೆಸರು ಮುಚ್ಚಿಟ್ಟ ಅರ್ಚಿತಾಳಿಗೆ ನಿಲ್ಲುವ ಜಾಗವನ್ನೂ ಮುಚ್ಚಿಡಬೇಕೆಂದು ಹೊಳೆದಿರಲಿಲ್ಲ.

ಕಾಲು ಸೋತ ಹಿರಿಯರ ಕೈಗೆ ತಾಳ ಕೊಡುವುದು ತಂಡದಲ್ಲಿ ನಡೆದು ಬಂದದ್ದು. ನಡುವೆ ನಿಂತು ಎಲ್ಲರನ್ನೂ ಕುಣಿಸುವ ಜಾಗ ಅದು, ಗೌರವದ್ದೇ. ಆದರೆ ತಾಳ ಹಿಡಿದವರು ಮತ್ತೆ ಡೊಳ್ಳು ಕಟ್ಟುವುದಿಲ್ಲ. ತಂಡದ ನಾಯಕಿ ವಾಣಿಶ್ರೀ ಚೀಲದಿಂದ ತಾಳ ತೆಗೆದು ಲೋಕಮ್ಮನ ಮುಂದೆ ಕುಳಿತಳು.

"ಲೋಕಕ್ಕಾ, ಕುಣಿವಾಗ ನೀವು ಬಿದ್ರೆ ನಾವು ಯಾರ ಮುಖ ನೋಡದು?"

ಲೋಕಮ್ಮ ತಾಳ ತೆಗೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಅರ್ಚಿತಾ ಹಿಂದೆಯೇ ಓಡಿದಳು. ತಪ್ಪಾಯಿತು ಎಂದಳು, ಆ ಹಾಳೆಯನ್ನೇ ಹರಿದು ಹಾಕುತ್ತೇನೆ ಎಂದಳು.

"ಹರೀಬ್ಯಾಡ," ಎಂದಳು ಲೋಕಮ್ಮ. "ಯಾಕ್ ಕುಣೀತೀರಿ ಅಂತ ಕೇಳಿದ್ಯಲ್ಲ, ಸಂಸ್ಕೃತಿ ಉಳಿಸಕ್ಕೆ ಅಂದಿದ್ನಲ್ಲ, ಅದನ್ನ ಹರಿ. ಯಾರೇ ಬಂದು ಕೇಳಿದ್ರೂ ಹಂಗೇ ಹೇಳದು ನಾವು." ತಾಳದ ದಾರ ಬೆರಳಿಗೆ ಸುತ್ತಿದಳು. "ಮನೇಲಿ ಬೆಳಗಿಂದ ಕರೀತಾನೇ ಇರ್ತಾರೆ. ಲೋಕಮ್ಮ ನೀರು, ಲೋಕಮ್ಮ ಊಟ, ಲೋಕಮ್ಮ ದನ. ಡೊಳ್ಳು ಬಡೀತಿದ್ರೆ ಯಾರ್ ಕರೆದ್ರೂ ಕೇಳದಿಲ್ಲ ತಂಗಿ. ಅಷ್ಟೇ. ಅದಕ್ಕೇ ಕುಣಿಯದು."

ಅರ್ಚಿತಾಳಿಗೆ ಅಳು ತಡೆಯಲಾಗಲಿಲ್ಲ. ಬರೆದುಕೋ ಎಂದು ಲೋಕಮ್ಮನೇ ಪೆನ್ನು ಎತ್ತಿಕೊಟ್ಟು ಬೆನ್ನು ಸವರಿದಳು.

ಒಳಗೆ ಹನ್ನೊಂದು ಜನ ಡೊಳ್ಳು ಕಟ್ಟಿ ಅರ್ಧಚಂದ್ರಾಕಾರದಲ್ಲಿ ನಿಂತಿದ್ದರು. ಶನಿವಾರ ಶಿಕಾರಿಪುರದಲ್ಲಿ ಕಾರ್ಯಕ್ರಮ, ಅಭ್ಯಾಸ ಇನ್ನೂ ಬಾಕಿ ಇತ್ತು. ಆದರೂ ಯಾರೂ ಲೋಕಮ್ಮನನ್ನು ಕರೆಯಲಿಲ್ಲ. ಅವಳು ತಾನಾಗಿಯೇ ಎದ್ದು ಹೋಗಿ ನಡುವೆ ನಿಂತಳು.

ತಾಳ ಬಡಿದು ಎಡಗಾಲು ಎತ್ತಿದಳು. ಅದು ತುಸು ತಡವಾಗಿ ನೆಲ ಮುಟ್ಟಿತು. ಹನ್ನೊಂದು ಡೊಳ್ಳುಗಳೂ ಅಷ್ಟೇ ತಡವಾಗಿ ಮೊಳಗಿದವು.