ಬದಲಾಯಿಸಿದ ಡಬ್ಬಿ

ನಾದಿನಿಗೆ ಪೆಪ್ಪರ್ ಸ್ಪ್ರೇ ಆರಿಸಿಕೊಟ್ಟವಳು ನಾನೇ. ನೀರಿನ ಮೀಟರ್ ಓದುವ ಕೆಲಸಕ್ಕೆ ಅವಳನ್ನು ಸೇರಿಸಿದವಳೂ ನಾನೇ ಆದ್ದರಿಂದ, ಇದು ನನ್ನ ಜವಾಬ್ದಾರಿ ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದ್ದರು. ಎಲ್ಲರೂ ಎಂದರೆ ನನ್ನ ಗಂಡ. ಮನೆಯಲ್ಲಿ ಇರುವುದೇ ಮೂವರು.

ನಾದಿನಿಯನ್ನು ಗುಬ್ಬಿ ಎನ್ನುತ್ತೇವೆ. ಒಂದು ಕಡೆ ಕೂರುವ ಜಾಯಮಾನ ಅವಳದಲ್ಲ. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಮೂರು ತಿಂಗಳು ಕೂತು, ‘ನನ್ನ ಕಾಲು ಸತ್ತುಹೋಗ್ತಿವೆ ಅತ್ತಿಗೆ’ ಎಂದು ಬಿಟ್ಟುಬಂದವಳು. ಮೀಟರ್ ಓದುವವರು ದಿನಕ್ಕೆ ನೂರಿಪ್ಪತ್ತು ಮನೆ ನಡೆಯಬೇಕು ಎಂದಾಗ ಅವಳ ಮುಖ ಅರಳಿತ್ತು.

ಬೀಗದ ಅಂಗಡಿಯವನು ಮೂರು ಡಬ್ಬಿಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ.

“ಇದು ಮಂಜಿನ ಥರ ಹರಡುತ್ತೆ. ಗುರಿ ತಪ್ಪಿದ್ರೂ ನಡೆಯುತ್ತೆ. ಆದ್ರೆ ಎದುರುಗಾಳಿ ಇದ್ರೆ ನಿಮ್ಮ ಮುಖಕ್ಕೇ ವಾಪಸ್. ಇದು ಜೆಲ್, ಹೋಗಿ ಅಂಟ್ಕೊಳ್ಳುತ್ತೆ, ಗುರಿ ಸರಿ ಇರ್ಬೇಕು. ಇದು ಪಿಚಕಾರಿ ಥರ ನೇರ ಹೋಗುತ್ತೆ. ನಿಮ್ಮಂಥ ಓಡಾಡೋರಿಗೆ ಇದೇ ಸರಿ.”

“ನಮ್ಮಣ್ಣನ ಮೇಲೆ ಒಂದ್ಸಲ ಟ್ರೈ ಮಾಡಿ ತಗೋಬಹುದಾ?” ಎಂದಳು ಗುಬ್ಬಿ.

“ಯಾಕಮ್ಮಾ, ಅವರೇನು ತಪ್ಪು ಮಾಡಿದ್ರು?”

“ನನಗಿಂತ ಮೊದಲು ಹುಟ್ಟಿದ್ರು.”

ಅಂಗಡಿಯವನು ನಕ್ಕು, ಮೂರನೆಯ ಡಬ್ಬಿಯನ್ನು ಅವಳ ಕೈಗಿಟ್ಟ. “ತಮಾಷೆಗೂ ಟ್ರೈ ಮಾಡ್ಬೇಡಿ. ಒಂದ್ಸಲ ಒತ್ತಿದ ಡಬ್ಬಿ ನಂಬೋ ಹಾಗಿಲ್ಲ. ಒಳಗಿನ ಗಾಳಿ ಸೋರ್ತಾನೇ ಹೋಗುತ್ತೆ. ಅಲ್ಲಾಡಿಸಿದ್ರೆ ಗುಳುಗುಳು ಅನ್ನುತ್ತೆ, ಒತ್ತಿದ್ರೆ ಏನೂ ಬರಲ್ಲ.”

ಅವನು ಗುಬ್ಬಿಗೆ ಹೇಳುತ್ತಿದ್ದ. ನನ್ನ ಕಿವಿ ಬಿಸಿಯಾಯಿತು.

ನನ್ನ ಬಳಿ ಇದ್ದದ್ದೂ ಅದೇ ಕಂಪನಿಯ, ಅದೇ ಕಪ್ಪು ಡಬ್ಬಿ. ಅದು ನಾಲ್ಕು ತಿಂಗಳ ಹಿಂದೆ ಒಂದು ಮೀಟರ್ ಗುಂಡಿಯಲ್ಲಿ ಸಿಡಿದಿತ್ತು. ಹಳೆಯ ಮನೆಗಳ ಮೀಟರು ನೆಲದಡಿಯ ಗುಂಡಿಯಲ್ಲಿರುತ್ತದೆ. ಬೋರಲು ಮಲಗಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ತಲೆಯನ್ನು ಒಳಗೆ ಇಳಿಸಿ ಓದಬೇಕು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದ್ದೆ. ಲಾಕ್ ಹಾಕಿದ್ದೇನೆ ಎಂದುಕೊಂಡಿದ್ದೆ. ಹೊಟ್ಟೆಗೂ ಗುಂಡಿಯ ಅಂಚಿಗೂ ನಡುವೆ ಅದು ಒತ್ತಿಹೋಗಿ, ಒಳಗಿದ್ದ ನನ್ನ ಮುಖಕ್ಕೇ ಸಿಡಿಯಿತು. ಅರ್ಧ ಗಂಟೆ ಆ ಮನೆಯ ನಲ್ಲಿಗೆ ಮುಖ ಕೊಟ್ಟು ಕೂತಿದ್ದೆ. ಮನೆಯಲ್ಲಿ, ಕಣ್ಣಿಗೆ ಸಿಮೆಂಟ್ ಪುಡಿ ಬಿತ್ತು ಎಂದೆ. ಆಫೀಸಿನಲ್ಲಿ ಅದನ್ನೂ ಹೇಳಲಿಲ್ಲ. ನಮ್ಮಲ್ಲಿ ಒಬ್ಬಳು ಪಾಚಿಯ ಮೇಲೆ ಜಾರಿಬಿದ್ದು ಹನ್ನೊಂದು ವರ್ಷವಾಗಿದೆ; ಇವತ್ತಿಗೂ ಅವಳು ಜಾರುಬಂಡೆಯೇ. ಹೊಸಬರಿಗೆಲ್ಲ ಸ್ಪ್ರೇ ಹಿಡಿಯುವುದನ್ನು ಕಲಿಸುವವಳು ನಾನು. ನನಗೆ ಯಾವ ಹೆಸರು ಬೀಳುತ್ತಿತ್ತೋ!

“ಇನ್ನೊಂದು ಇದೆಯಾ, ಇದೇ ಥರದ್ದು?” ಎಂದು ಕೇಳಿದೆ.

“ಇದೇ ಕೊನೇದು. ಎರಡು ವಾರ ಬಿಟ್ಟು ಬನ್ನಿ.”

“ನಿಮ್ಮ ಹತ್ರ ಇದೆಯಲ್ಲ ಅತ್ತಿಗೆ,” ಎಂದಳು ಗುಬ್ಬಿ. “ಅಣ್ಣನ ಮೇಲೆ ಎರಡೆರಡು ಡಬ್ಬಿ ಬೇಕಾ?”

ಅಂದು ಸಂಜೆ ಅವಳು ಸ್ನಾನಕ್ಕೆ ಹೋದಾಗ ಎರಡು ಡಬ್ಬಿಗಳನ್ನೂ ಅದಲುಬದಲು ಮಾಡಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೀಟರ್ ಓದಲು ನನಗೆ ಕೊಟ್ಟ ಲೈನು ಗೋದಾಮುಗಳ ಹಿಂದಿನ ಓಣಿ. ಅವಳದು ಹೊಸ ಕಟ್ಟಡಗಳ ಕಡೆ. ನಾನು ಒಬ್ಬಳೇ ಹೋಗುತ್ತೇನೆ. ಅವಳ ಜೊತೆ ಮೊದಲ ವಾರ ಇನ್ನೊಬ್ಬಳಿರುತ್ತಾಳೆ. ಎರಡು ವಾರದ ಮಾತು. ಕಾರಣಗಳು ಎಷ್ಟು ಚೆನ್ನಾಗಿ ಸಾಲುಗಟ್ಟಿ ಬಂದವೆಂದರೆ, ಅವು ಮೊದಲೇ ಬಾಗಿಲ ಹೊರಗೆ ಕಾದು ನಿಂತಿದ್ದವು ಅನಿಸುತ್ತದೆ. ಮರುದಿನ ಹಿತ್ತಲಲ್ಲಿ ಅವಳಿಗೆ ಲಾಕ್ ತಿರುಗಿಸುವುದನ್ನು ಕಲಿಸಿದೆ. ಹೆಬ್ಬೆರಳಿನಿಂದ, ನೋಡದೆ, ನಡೆಯುತ್ತ. ಒತ್ತಲು ಬಿಡಲಿಲ್ಲ. “ಒತ್ತಿದ್ರೆ ಹಾಳಾಗುತ್ತೆ, ಅವನು ಹೇಳಿದ್ದು ಕೇಳಿಸ್ಲಿಲ್ವಾ?” ಎಂದೆ.

ಎರಡು ವಾರ ಆರು ವಾರವಾಯಿತು. ಬೀಗದ ಅಂಗಡಿ ನನ್ನ ದಾರಿಯಲ್ಲೇ ಇತ್ತು. ದಿನಾ ಅದರ ಮುಂದೆಯೇ ಹೋಗುತ್ತಿದ್ದೆ.

ಏಳನೆಯ ವಾರ, ಹಗಲು ಹನ್ನೊಂದು ಗಂಟೆಗೆ, ಒಂದು ಕಟ್ಟಡದ ಮೆಟ್ಟಿಲಿನಲ್ಲಿ ಗುಬ್ಬಿ ಮೂರನೆಯ ಮಹಡಿಯ ಮೀಟರ್ ಬರೆದುಕೊಳ್ಳುತ್ತಿದ್ದಾಗ, ಮೇಲಿನಿಂದ ಇಳಿದುಬಂದ ಒಬ್ಬ ಅವಳ ಬ್ಯಾಗಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನು ಜಡೆ ಹಿಡಿದ. ಅವಳು ಡಬ್ಬಿ ತೆಗೆದು ಅವನ ಮುಖಕ್ಕೆ ಹಿಡಿದು ಒತ್ತಿದಳು. ಒಂದು ಉಗುಳಿನಷ್ಟು ಬಂದು ಅವಳ ಬೆರಳ ಮೇಲೆಯೇ ಇಳಿಯಿತು. ಅವನು ನಕ್ಕನಂತೆ. ಅವಳು ತಪ್ಪಿಸಿಕೊಂಡು ಮೆಟ್ಟಿಲುಗಳನ್ನು ಹಾರಿ ಬಿದ್ದಳು. ಎಡ ಮಣಿಕಟ್ಟು ಮುರಿಯಿತು, ಮುಂದಿನ ಹಲ್ಲು ಅರ್ಧ ಹೋಯಿತು. ಅವನು ಸಿಗಲಿಲ್ಲ. ಡಬ್ಬಿಯೂ ಸಿಗಲಿಲ್ಲ, ಮೆಟ್ಟಿಲ ಸಂದಿಯಲ್ಲಿ ಉರುಳಿ ಎಲ್ಲೋ ಹೋಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡ ಇದನ್ನು ಹೇಳಿದಾಗ ನನ್ನ ಎದೆ ಹಗುರವಾಯಿತು. ಅಂಥ ಹೊತ್ತಿನಲ್ಲಿ ಹಗುರವಾದ ಎದೆಯನ್ನು ಹೊತ್ತು ಅವಳ ಹಾಸಿಗೆಯ ಪಕ್ಕ ಹೋಗಿ ಕೂತೆ.

“ಲಾಕ್ ತಿರುಗಿಸಿದ್ದೆ ಅತ್ತಿಗೆ,” ಎಂದಳು.

“ಮಾತಾಡ್ಬೇಡ, ಮಲ್ಕೋ.”

ಮೂರನೆಯ ದಿನ ಮನೆಯಲ್ಲಿ, “ತಿರುಗಿಸಿದ್ದೆ ಅನ್ಸುತ್ತೆ,” ಎಂದಳು.

“ಅರ್ಧ ತಿರುಗಿಸಿರ್ತೀಯ,” ಎಂದರು ನನ್ನ ಗಂಡ. ಕೆಟ್ಟ ಮನಸ್ಸಿನಿಂದಲ್ಲ, ತಂಗಿಯನ್ನು ಛೇಡಿಸುವುದು ಅವರಿಗೆ ರೂಢಿ. “ಮನೆಯಲ್ಲಿ ಒಂದು ನಲ್ಲೀನಾದ್ರೂ ಸರಿಯಾಗಿ ತಿರುಗಿಸಿದೀಯಾ?”

ಹತ್ತನೆಯ ದಿನಕ್ಕೆ ಅವಳು, “ತಿರುಗಿಸಿರ್ಲಿಲ್ವೇನೋ,” ಎಂದಳು. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಗೋಂದಿನ ಬಾಟಲಿಯನ್ನು ಬಲಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಅದರ ಮುಚ್ಚಳವನ್ನು ತಿರುಗಿಸುತ್ತಿದ್ದಳು. ಟೀವಿ ನೋಡುವಾಗ, ಊಟಕ್ಕೆ ಕಾಯುವಾಗ. ಟಿಕ್, ಟಿಕ್. ಬೆರಳಿನ ಬದಿ ಕೆಂಪಾಗಿತ್ತು. ನಾನು ಬಾಟಲಿಯನ್ನು ಬಚ್ಚಿಟ್ಟೆ. ಅವಳು ಎಣ್ಣೆಯ ಬಾಟಲಿ ಹಿಡಿದಳು.

ಪ್ಲಾಸ್ಟರ್ ಬಿಚ್ಚಿದ ಮರುದಿನ ಮೇಲ್ವಿಚಾರಕರು ನಮ್ಮಿಬ್ಬರನ್ನೂ ಕರೆಸಿದರು. ಗುಬ್ಬಿ ಬಾಯಿ ಮುಚ್ಚಿಕೊಂಡೇ ನಮಸ್ಕಾರ ಮಾಡಿದಳು. ಮುರಿದ ಹಲ್ಲು ಕಾಣಬಾರದು ಎಂದು ಈಗೀಗ ತುಟಿ ತೆರೆಯುವುದಿಲ್ಲ.

“ನೋಡಮ್ಮಾ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಇನ್ಮೇಲೆ ಒಳಗೇ ಕೂತ್ಕೋ. ರೀಡಿಂಗನ್ನೆಲ್ಲ ಕಂಪ್ಯೂಟರಿಗೆ ಹಾಕು. ಫ್ಯಾನ್ ಇದೆ, ಕುರ್ಚಿ ಇದೆ. ಹೊರಗಡೆ ಓಡಾಟ ಎಲ್ಲರಿಗೂ ಆಗೋ ಕೆಲಸ ಅಲ್ಲ.” ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. “ನೀವು ಹಿರಿಯರು, ಕಲಿಸಿದೋರು. ಇಲ್ಲೊಂದು ಸಹಿ ಹಾಕಿ.”

ಸಿಬ್ಬಂದಿಗೆ ತರಬೇತಿ ನೀಡಲಾಗಿತ್ತು. ಆದರೂ ಆಕೆ ಗಾಬರಿಯಲ್ಲಿ ಸಾಧನವನ್ನು ಸರಿಯಾಗಿ ಬಳಸಲಿಲ್ಲ. ಆದ್ದರಿಂದ ಹೊರಗಿನ ಕೆಲಸಕ್ಕೆ ತಕ್ಕವಳಲ್ಲ. ಮೂರು ಸಾಲು. ಅಕ್ಷರ ತಪ್ಪುಗಳಿರಲಿಲ್ಲ.

“ಹಾಕಿ ಅತ್ತಿಗೆ,” ಎಂದಳು ಗುಬ್ಬಿ ನೆಲ ನೋಡುತ್ತ. “ನನಗೂ ಅದೇ ಸರಿ ಅನ್ಸುತ್ತೆ.”

ಗಲ್ಲಾದಲ್ಲಿ ಕೂತು ಕಾಲು ಸಾಯುತ್ತವೆ ಎಂದವಳು. ಪೆನ್ನಿನ ಮುಚ್ಚಳ ತೆಗೆದೆ. ಸಹಿಯ ಮೊದಲ ಗೆರೆಯನ್ನು ಎಳೆದೂ ಬಿಟ್ಟೆ. ಅದನ್ನು ಇಲ್ಲಿ ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ.

“ಅವಳು ಲಾಕ್ ತಿರುಗಿಸಿದ್ದಳು ಸಾರ್,” ಎಂದೆ. “ಡಬ್ಬಿಯಲ್ಲೇ ಏನೂ ಇರ್ಲಿಲ್ಲ.”

“ನಿಮಗೆ ಹೇಗೆ ಗೊತ್ತು?”

“ಅದು ನನ್ನದು. ಗುಂಡಿಯಲ್ಲಿ ಸಿಡಿದಿತ್ತು. ಗೊತ್ತಿದ್ದೂ ಅವಳ ಬ್ಯಾಗಿಗೆ ಹಾಕಿದೆ. ಅವಳ ಹೊಸದನ್ನ ನಾನು ಇಟ್ಕೊಂಡೆ.”

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಕೋಪಕ್ಕಿಂತ ಕಿರಿಕಿರಿಯೇ ಹೆಚ್ಚಾದಂತಿತ್ತು. ಮೂರು ಸಾಲನ್ನು ಮತ್ತೆ ಬರೆಯಬೇಕಲ್ಲ. “ಇದನ್ನ ಬರೆದು ಕೊಡಿ,” ಎಂದರು. “ಇನ್ಮೇಲೆ ನೀವು ಯಾರಿಗೂ ಏನೂ ಕಲಿಸೋದು ಬೇಡ.” ಗುಬ್ಬಿಯ ಕಡೆ ತಿರುಗಿ, “ಸೋಮವಾರ ಬಾಮ್ಮಾ. ನಿನ್ನ ಲೈನು ಹಾಗೇ ಇದೆ,” ಎಂದರು.

ಗುಬ್ಬಿ ನನ್ನನ್ನು ನೋಡಲೂ ಇಲ್ಲ. ಹೊರಗೆ ಬಂದು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಎರಡು ರಸ್ತೆ ದಾಟಿದ ಮೇಲೆ ನಿಂತಳು.

“ಯಾವತ್ತು ಬದಲಾಯಿಸಿದ್ರಿ?”

“ಕೊಂಡ ದಿನವೇ. ನೀನು ಸ್ನಾನಕ್ಕೆ ಹೋಗಿದ್ದೆ.”

“ಹಲ್ಲು ಹೋದ್ರೆ ಹೋಗ್ಲಿ ಅತ್ತಿಗೆ. ಎಂಟು ವಾರದಿಂದ ನನ್ನ ಕೈಯನ್ನೇ ನಾನು ನಂಬ್ತಿಲ್ಲ. ಟೀ ಲೋಟ ಎತ್ತೋಕೂ ಯೋಚನೆ ಮಾಡ್ತೀನಿ. ನೀವು ಎದುರಿಗೇ ಕೂತಿರ್ತಿದ್ರಿ.”

“ಹೌದು.”

“ನಾನು ಎಣ್ಣೆ ಬಾಟಲಿ ಹಿಡ್ಕೊಂಡು ಕೂತಿದ್ದಾಗ ಎದುರಿಗೇ ಕೂತ್ಕೊಂಡು ಬಟ್ಟೆ ಮಡಚ್ತಿದ್ರಿ.”

ನಾನು ಕ್ಷಮಿಸು ಎಂದೆನೇನೋ. ಬಸ್ಸೊಂದು ಹೋಯಿತು. ಅವಳು ಕೈ ಚಾಚಿದಳು. ಬ್ಯಾಗಿನಿಂದ ಅವಳ ಡಬ್ಬಿಯನ್ನು ತೆಗೆದು ಕೊಟ್ಟೆ. ಅದನ್ನು ಅಲ್ಲಾಡಿಸಿಯೂ ನೋಡದೆ ಜೇಬಿಗೆ ಹಾಕಿಕೊಂಡು ಮತ್ತೆ ಮುಂದೆ ನಡೆದಳು.

ಮನೆಯಲ್ಲಿ ನನ್ನ ಗಂಡ ಬಾಗಿಲು ತೆಗೆದು ಇಬ್ಬರ ಮುಖವನ್ನೂ ನೋಡಿದರು. “ಏನಾಯ್ತು? ಒಳಗಿನ ಕೆಲಸಕ್ಕೆ ಹಾಕಿದ್ರಾ?”

“ಇಲ್ಲಣ್ಣ. ಸೋಮವಾರದಿಂದ ಹೊರಗೇ.”

“ನೋಡಿದ್ಯಾ! ನಿಮ್ಮತ್ತಿಗೆ ಜೊತೆಗಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಹೇಳ್ಲಿಲ್ವಾ ನಾನು?” ಅವರಿಗೆ ನಿಜಕ್ಕೂ ಖುಷಿಯಾಗಿತ್ತು. “ಇನ್ನೊಂದ್ಸಲ ಸರಿಯಾಗಿ ಕಲ್ತ್ಕೋ ಇವಳ ಹತ್ರ. ಈ ಸಲ ಲಾಕ್ ಪೂರ್ತಿ ತಿರುಗಿಸು.”

ಗುಬ್ಬಿ ಚಪ್ಪಲಿ ಬಿಡುತ್ತಿದ್ದವಳು ನಿಂತಳು. ಅವಳು ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಿಬಿಡಲಿ ಎಂದು ಬೇಡಿಕೊಂಡೆ. ಅವಳು ಕುರ್ಚಿಯೊಂದನ್ನು ಎಳೆದು ಅಣ್ಣನ ಪಕ್ಕ ಇಟ್ಟು ಕೂತಳು. ಮೆಟ್ಟಿಲಿನಿಂದ ಬಿದ್ದ ದಿನದ ನಂತರ ಮೊದಲ ಬಾರಿಗೆ ಬಾಯಿ ಪೂರ್ತಿ ತೆರೆದು, ಮುರಿದ ಹಲ್ಲು ಕಾಣುವಂತೆ ಮಾತಾಡಿದಳು.

“ಆಫೀಸಲ್ಲಿ ಹೇಳಿದ್ರಲ್ಲ ಅತ್ತಿಗೆ. ಅಣ್ಣನಿಗೂ ನೀವೇ ಹೇಳಿ.”

ನನ್ನ ಗಂಡ ಇನ್ನೂ ನಗುತ್ತಲೇ ನನ್ನ ಕಡೆ ತಿರುಗಿದರು. ಆ ನಗು ಇಳಿಯುವುದನ್ನು ಪೂರ್ತಿ ನೋಡಬೇಕಾಗುತ್ತದೆ ಎಂದು ತಿಳಿದು, ನಿಂತಲ್ಲಿಂದಲೇ ಶುರು ಮಾಡಿದೆ: “ಅವತ್ತು ನನ್ನ ಕಣ್ಣಿಗೆ ಬಿದ್ದಿದ್ದು ಸಿಮೆಂಟ್ ಅಲ್ಲ.”